ಮೈಲಿಗಲ್ಲಿನವರೆಗೆ ಹೊತ್ತ ಕಾಲು

ಮರದ ಮಿಲ್ಲಿನಲ್ಲಿ ಕೂಗಿಲ್ಲದೆ ಯಾವ ದಿಮ್ಮಿಯೂ ನೆಲ ಬಿಡುವುದಿಲ್ಲ. ಹೊರುವವರು ಎಷ್ಟೇ ಗಟ್ಟಿಗರಿರಲಿ, ಒಬ್ಬ ಮುಂಚೆ ಎತ್ತಿ ಇನ್ನೊಬ್ಬ ತಡ ಮಾಡಿದರೆ ಭಾರವೆಲ್ಲ ಮುಂಚೆ ಎತ್ತಿದವನ ಸೊಂಟದ ಮೇಲೆ ಬೀಳುತ್ತದೆ. ಅದಕ್ಕೇ ಒಬ್ಬ ಕೂಗಬೇಕು. "ಕೈ ಕೊಟ್ರಾ..." ಅಂದರೆ ಎಲ್ಲರೂ ಬಗ್ಗಿ, ಹಗ್ಗದ ಕುಣಿಕೆಗೆ ತೂರಿಸಿದ ಬೊಂಬು ಹಿಡಿಯುತ್ತಾರೆ. "ಬೆನ್ನು ಕೊಟ್ರಾ..." ಅಂದರೆ ಉಸಿರು ಕಟ್ಟುತ್ತಾರೆ. "ಏಳೂ..." ಅಂದರೆ ದಿಮ್ಮಿ ಏಳುತ್ತದೆ. ಆ ಕೂಗು ಕೇಳಿದ ಮೇಲೆ ಯಾರೂ ಯೋಚಿಸುವುದಿಲ್ಲ. ಕಿವಿಗೆ ಬಿದ್ದದ್ದೇ ತಡ, ಕೈ ತಾನಾಗಿ ಹೋಗುತ್ತದೆ.

ಈ ಮಿಲ್ಲಿನಲ್ಲಿ ಕೂಗುವವನಿಗೆ ಎಲ್ಲರೂ ಕೂಗಣ್ಣ ಅನ್ನುತ್ತಿದ್ದರು. ಕೂಗನ್ನು ಅವನಿಗೆ ಕಲಿಸಿದವನು ಅಕ್ಕನ ಗಂಡ. ಅಪ್ಪನಿಲ್ಲದೆ ಅಲೆಯುತ್ತಿದ್ದ ಬಾಮೈದನನ್ನು ಕರೆತಂದು, ಹೊರುವವರ ನಡುವೆ ನಿಲ್ಲಿಸಿ, "ಗಂಟಲಿಂದ ಕೂಗ್ಬೇಡ, ಹೊಟ್ಟೆಯಿಂದ ಕೂಗು. ಗಂಟಲು ಮೂರು ದಿನಕ್ಕೆ ಹರಿದು ಹೋಗತ್ತೆ" ಎಂದು ಹೇಳಿಕೊಟ್ಟಿದ್ದ. ತನ್ನ ಉಸಿರು ಮೊಟಕಾಗತೊಡಗಿದಾಗ ಭಾವ ಕೂಗನ್ನು ಅವನಿಗೆ ಬಿಟ್ಟುಕೊಟ್ಟು, ತಾನು ಬೊಂಬಿನ ತುದಿಗೆ ಹೋಗಿ ನಿಂತ.

ಮಿಲ್ಲಿನಲ್ಲಿ ಇನ್ನೊಂದು ರೂಢಿಯೂ ಇತ್ತು. ಒಳಗೆ ಯಾರಿಗಾದರೂ ಪೆಟ್ಟಾದರೆ ಅವರನ್ನು ಮೊದಲು ಗೇಟಿನ ಹೊರಗೆ ಸಾಗಿಸಬೇಕು. ಗೇಟು ದಾಟಿ, ರಸ್ತೆಯ ತಿರುವಿನಲ್ಲಿರುವ ಮೈಲಿಗಲ್ಲಿನ ಪಕ್ಕ ಮಲಗಿಸಬೇಕು. ಆಂಬುಲೆನ್ಸಿಗೆ ಫೋನು ಮಾಡುವುದು ಆಮೇಲೆ. ಗಾಡಿ ಗುದ್ದಿತು ಅನ್ನಬೇಕು, ಇಲ್ಲವೇ ನಡೆಯುವಾಗ ಬಿದ್ದರು ಅನ್ನಬೇಕು. ಒಳಗೆ ಆಯಿತು ಅಂದರೆ ಪೊಲೀಸರು ಬರುತ್ತಾರೆ, ತಪಾಸಣೆಯವರು ಬರುತ್ತಾರೆ, ಮಿಲ್ಲಿಗೆ ಬೀಗ ಬೀಳುತ್ತದೆ. ಬೀಗ ಬಿದ್ದರೆ ನಿಮ್ಮ ಒಲೆಗೇ ನೀರು ಎಂದು ಮ್ಯಾನೇಜರು ಹೇಳುತ್ತಿದ್ದ. ಧಣಿಗೆ ಇಂಥದ್ದೇ ಇನ್ನೆರಡು ಮಿಲ್ಲುಗಳಿದ್ದವು. ಅವನ ಒಲೆಯ ಮಾತು ಯಾರೂ ಎತ್ತುತ್ತಿರಲಿಲ್ಲ.

ಹೊರುವವರು ಇದನ್ನೂ ತಮಾಷೆ ಮಾಡಿಕೊಂಡಿದ್ದರು. ಯಾರಾದರೂ ದಿಮ್ಮಿಯ ಕೆಳಗೆ ಸುಮ್ಮನೆ ಕಾಲು ಚಾಚಿದರೆ "ಏ, ಕಲ್ಲಿಗೆ ಹೋಗ್ಬೇಕಾ?" ಅನ್ನುತ್ತಿದ್ದರು. ಕಲ್ಲಿಗೆ ಹೋಗುವುದು ಅಂದರೆ ಮೈಲಿಗಲ್ಲಿಗೆ ಹೋಗುವುದು. ಇಷ್ಟು ಮರ ಹೊರುವ ನಮಗೆ ಒಬ್ಬ ಮನುಷ್ಯ ಯಾವ ಭಾರ ಎಂಬ ಜಂಬವೂ ಅದರಲ್ಲಿತ್ತು. ಕೂಗಣ್ಣನಿಗೂ ಇತ್ತು.

ಭಾವನಿಗೆ ಪೆಟ್ಟಾದದ್ದು ಲಾರಿಯಿಂದ ದಿಮ್ಮಿ ಇಳಿಸುವಾಗ. ದಿಮ್ಮಿ ಪೇರಿಸಿದ ಅಟ್ಟಿಯ ಬುಡಕ್ಕೆ ಕಬ್ಬಿಣದ ತಡೆ ಹಾಕಿಸಿ ಎಂದು ಕೇಳಿ ಕೇಳಿ ಹೊರುವವರ ಬಾಯಿ ಸೋತಿತ್ತು. ಮ್ಯಾನೇಜರು ಮರದ ಬೆಣೆ ಕೊಟ್ಟಿದ್ದ. ಬೆಣೆ ಒದ್ದೆಯಾಗಿತ್ತು. ಜಾರಿತು. ಮೇಲಿನ ದಿಮ್ಮಿ ಉರುಳಿ ಬಂದು ಭಾವನ ಮೊಣಕಾಲ ಕೆಳಗೆ ಕೂತಿತು.

ಹಾರೆ ಹಾಕಿ ದಿಮ್ಮಿಯನ್ನು ಆಚೆ ತಳ್ಳಿದರು. ಕಾಲು ಬಾಗಬಾರದ ಕಡೆ ಬಾಗಿತ್ತು. ಆದರೆ ಚರ್ಮ ಹರಿದಿರಲಿಲ್ಲ. ನೀಲಿಗಟ್ಟುತ್ತಿತ್ತು, ಊದುತ್ತಿತ್ತು, ಒಂದು ತೊಟ್ಟು ರಕ್ತವಿರಲಿಲ್ಲ. ಅದನ್ನು ಕೂಗಣ್ಣ ಕಣ್ಣಾರೆ ನೋಡಿದ. ಎಲ್ಲರಿಗಿಂತ ಹತ್ತಿರ ಕೂತು ನೋಡಿದ.

"ತಡೀರೋ," ಅಂದ ಭಾವ. ಹಣೆಯಿಂದ ಬೆವರು ಇಳಿಯುತ್ತಿತ್ತು. "ಸ್ವಲ್ಪ ತಡೀರಪ್ಪ. ಮುಟ್ಬೇಡಿ."

ಮ್ಯಾನೇಜರು ಆಫೀಸಿನಿಂದ ಓಡಿ ಬಂದ. ಭಾವನ ಮುಖ ನೋಡಲಿಲ್ಲ. ಗೇಟಿನ ಕಡೆ ನೋಡಿದ.

"ಎತ್ತಿ, ಎತ್ತಿ. ಏನ್ ನೋಡ್ತಾ ನಿಂತಿದೀರಿ? ಕಲ್ಲಿನ ಹತ್ರ ತಗೊಂಡ್ ಹೋಗಿ."

ಹೊರುವವರು ಕೂಗಣ್ಣನ ಬಾಯಿ ನೋಡಿದರು. ಅವನು ಭಾವನ ಹೆಗಲ ಕೆಳಗೆ ಕೈ ತೂರಿಸಿದ. ಕೂಗಿದ. "ಕೈ ಕೊಟ್ರಾ..." ಹೋಯ್ ಅಂದರು. "ಬೆನ್ನು ಕೊಟ್ರಾ..." ಹೋಯ್ ಅಂದರು. "ಏಳೂ..."

ಭಾವ ಎದ್ದ. ದಿಮ್ಮಿಯ ಹಾಗೆ ಎದ್ದ. ಹೆಗಲಿಗೆ ಇಬ್ಬರು, ಸೊಂಟಕ್ಕೆ ಇಬ್ಬರು, ತೊಡೆಗೆ ಇಬ್ಬರು. ಮೊಣಕಾಲ ಕೆಳಗೆ ಯಾರೂ ಕೈ ಕೊಟ್ಟಿರಲಿಲ್ಲ. ದಿಮ್ಮಿಗೆ ಕೀಲಿರುವುದಿಲ್ಲ. ಅಷ್ಟು ವರ್ಷ ಕೀಲಿಲ್ಲದ್ದನ್ನೇ ಹೊತ್ತ ಕೈಗಳು ಕಾಲಿನ ಉಳಿದ ಭಾಗ ತಾನೇ ಹಿಂದೆ ಬರುತ್ತದೆ ಅಂದುಕೊಂಡವು. ಅದು ತೂಗಾಡುತ್ತ ಬಂತು.

ಹೊರುವವರಿಗೆ ದೊಡ್ಡ ಗೇಟು ತೆಗೆಯುತ್ತಿರಲಿಲ್ಲ. ಅದು ಲಾರಿಗೆ, ಧಣಿಯ ಕಾರಿಗೆ. ಇವರಿಗೆ ಇದ್ದದ್ದು ಅದರ ಪಕ್ಕದ ಸಣ್ಣ ಬಾಗಿಲು. ಒಬ್ಬೊಬ್ಬರೇ ತಲೆ ಬಗ್ಗಿಸಿ ದಾಟುವ ಬಾಗಿಲಲ್ಲಿ ಭಾವನನ್ನು ಓರೆ ಮಾಡಿ ತೂರಿಸಿದರು. ಪಾದ ಚೌಕಟ್ಟಿಗೆ ಸಿಕ್ಕಿತು. ಮುಂದಿದ್ದವರಿಗೆ ಗೊತ್ತಾಗಲಿಲ್ಲ, ಎಳೆದರು.

ಭಾವ ಕೂಗಿದ ಕೂಗು ಹೊಟ್ಟೆಯಿಂದ ಬಂದದ್ದಾಗಿರಲಿಲ್ಲ, ಗಂಟಲಿಂದ ಬಂದದ್ದಾಗಿರಲಿಲ್ಲ.

ಗಾಬರಿಯಲ್ಲಿ ಕೆಳಗಿಟ್ಟರು. ಕೆಸರಾಗದಿರಲೆಂದು ಅಲ್ಲಿ ಮರದ ಹೊಟ್ಟು ಹರಡಿತ್ತು. ಕಾಲು ಆ ಹೊಟ್ಟಿನ ಮೇಲೆ ಬಿತ್ತು. ಚರ್ಮ ಸೀಳಿಕೊಂಡು ಮೂಳೆ ಹೊರಗೆ ಬಂದಿತ್ತು. ಬಿಳಿ. ಸಿಪ್ಪೆ ಸುಲಿದ ಕೊಂಬೆಯ ಹಾಗೆ.

"ಇನ್ನೊಂದ್ಸಲ ಎತ್ತಿ," ಅಂದ ಮ್ಯಾನೇಜರು. "ಇನ್ನೇನು ಬಂತು."

ಕೂಗಣ್ಣ ಇನ್ನೊಂದು ಸಲ ಕೂಗಿದ.

ಅವರು ಮೈಲಿಗಲ್ಲು ಮುಟ್ಟುವಷ್ಟರಲ್ಲಿ ಹಿಂದೆ ಮ್ಯಾನೇಜರು ರಕ್ತದ ಮೇಲೆ ಹೊಸ ಹೊಟ್ಟು ಸುರಿಸಿದ್ದ. ಗರಗಸ ಮತ್ತೆ ಓಡತೊಡಗಿತ್ತು.

ಆಂಬುಲೆನ್ಸಿನಲ್ಲಿ ಬಂದದ್ದು ಒಬ್ಬ ಡ್ರೈವರು, ಒಬ್ಬಳು ನರ್ಸು. ಚಿಕ್ಕ ವಯಸ್ಸು, ಕೂದಲು ಬಿಗಿದು ಕಟ್ಟಿದ್ದಳು. ಬಂದವಳೇ ಮಣ್ಣಿನಲ್ಲಿ ಮೊಣಕಾಲೂರಿದಳು. ಭಾವನ ಪಾದದ ಮೇಲೆ ಬೆರಳಿಟ್ಟು ನಾಡಿ ಹುಡುಕಿದಳು. "ಬೆರಳು ಆಡ್ಸಿ ನೋಡೋಣ, ಯಜಮಾನ್ರೇ. ಮುಟ್ಟಿದ್ದು ಗೊತ್ತಾಗತ್ತಾ?" ಗಾಯದ ಮೇಲೆ ಒದ್ದೆ ಬಟ್ಟೆ ಮುಚ್ಚಿದಳು. ಮೂಳೆಯನ್ನು ಒಳಗೆ ದೂಡಲಿಲ್ಲ. ಡ್ರೈವರು ಕಾಲನ್ನು ಮೇಲೂ ಕೆಳಗೂ ಹಿಡಿದು ಅಲುಗದಂತೆ ನಿಂತ, ಅವಳು ಎರಡೂ ಬದಿಗೆ ಗಟ್ಟಿ ಪಟ್ಟಿ ಕೊಟ್ಟು ತೊಡೆಯಿಂದ ಹಿಮ್ಮಡಿಯ ತನಕ ಕಟ್ಟಿದಳು. ಇಷ್ಟೆಲ್ಲ ಆದ ಮೇಲೇ ಎತ್ತಿದರು. ಎತ್ತುವಾಗ ಭಾವ ಮುಲುಗಿದ, ಕಿರುಚಲಿಲ್ಲ.

ಕೂಗಣ್ಣ ನೋಡುತ್ತಿದ್ದ. ಎತ್ತುವುದು ಹೀಗೂ ಇರುತ್ತದೆ.

"ಏನಾಯ್ತು?" ಎಂದು ಕೇಳಿದಳು.

"ಗಾಡಿ ಗುದ್ದಿತು," ಅಂದ ಕೂಗಣ್ಣ.

"ಗುದ್ದಿದ ತಕ್ಷಣ ಮೂಳೆ ಹೊರಗೆ ಬಂತಾ?"

"ಹೂಂ."

ಅವಳು ಗಾಯದ ಬದಿಯಿಂದ ಏನನ್ನೋ ಚಿಮುಟದಲ್ಲಿ ತೆಗೆದು ಬೆಳಕಿಗೆ ಹಿಡಿದಳು. "ರಸ್ತೇಲಿ ಮರದ ಹೊಟ್ಟು ಎಲ್ಲಿಂದ ಬಂತು?"

ತಿರುವಿನಾಚೆ ಗರಗಸ ಕೇಳಿಸುತ್ತಿತ್ತು. ಅವಳು ಆ ಕಡೆ ನೋಡಿದಳು, ಆಮೇಲೆ ಕೂಗಣ್ಣನನ್ನು ನೋಡಿದಳು. ಬಾಗಿಲು ಹಾಕಿಕೊಂಡು ಹೋದಳು.

ಒಳಗೆ ಹೋದ ಹೊಟ್ಟು, ಮಣ್ಣು ಎಷ್ಟು ತೊಳೆದರೂ ಪೂರ್ತಿ ಬರಲಿಲ್ಲ. ಗಾಯ ಕೀವಾಯಿತು, ಕಾಲು ಕಪ್ಪಾಯಿತು. ಮೊಣಕಾಲಿನಿಂದ ಕೆಳಗೆ ಕತ್ತರಿಸಿದರು. ಚರ್ಮ ಹರಿಯದೆ ಇದ್ದಿದ್ದರೆ ಉಳಿಸಬಹುದಿತ್ತು ಎಂದು ಡಾಕ್ಟರು ಯಾರಿಗೋ ಹೇಳುತ್ತಿದ್ದುದನ್ನು ಕೂಗಣ್ಣ ವಾರ್ಡಿನ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ. ಮನೆಯವರಿಗೆ ಹೇಳಲಿಲ್ಲ.

ಭಾವ ಮನೆಗೆ ಬಂದ ಮೇಲೂ ಧಣಿ ಬರಲಿಲ್ಲ. ಮ್ಯಾನೇಜರು ಒಂದು ಸಲ ಬಂದು ಹೊಸ್ತಿಲಲ್ಲೇ ನಿಂತ. ಚಪ್ಪಲಿ ಬಿಡಲಿಲ್ಲ. "ರಸ್ತೇಲಿ ಆದದ್ದಕ್ಕೆ ಮಿಲ್ಲು ಏನ್ ಮಾಡಕ್ಕಾಗತ್ತೆ? ನೀವೇ ತಾನೆ ಗಾಡಿ ಗುದ್ದಿತು ಅಂದಿದ್ದು?" ಅಂದ.

ಅವನು ಹೋದ ಮೇಲೆ ಭಾವ ನಕ್ಕ. "ಕೇಳಿದ್ಯೇನೇ? ನಂಗೆ ಗಾಡಿ ಗುದ್ದಿತಂತೆ. ಬಣ್ಣ ಯಾವುದು ಅಂತ ಕೇಳೋಕೆ ಮರೆತೆ."

ಅಕ್ಕ ನಗಲಿಲ್ಲ. ಕೂಗಣ್ಣ ಅನ್ನ ಕಲಸುತ್ತಾ ಇದ್ದ, ಕಲಸುತ್ತಲೇ ಇದ್ದ.

"ಹೌದೇನೋ," ಎಂದು ಅಕ್ಕ ಅವನ ಕಡೆ ತಿರುಗಿದಳು. "ದಿಮ್ಮಿ ಬಿದ್ದಾಗ್ಲೇ ಮೂಳೆ ಹೊರಗೆ ಬಂದಿತ್ತಾ?"

"ಹೂಂ, ಅಕ್ಕ."

ಭಾವ ಮನೆಯ ಮಾಡು ನೋಡುತ್ತಾ ಮಲಗಿದ್ದ.

ಆಮೇಲೆ ದಿನಾ ಸಂಜೆ ಮಿಲ್ಲಿನಿಂದ ನೇರ ಅಕ್ಕನ ಮನೆಗೆ ಹೋಗುವುದು ಕೂಗಣ್ಣನ ಕೆಲಸವಾಯಿತು. ಭಾವನನ್ನು ಮಂಚದಿಂದ ಎತ್ತಿ ಹಿತ್ತಲಿಗೆ ಒಯ್ಯುವುದು. ಸ್ನಾನ ಆದ ಮೇಲೆ ಎತ್ತಿ ತಂದು ಕೂರಿಸುವುದು. ಭಾವ ಹಗುರಾಗುತ್ತಾ ಬಂದ. ಎತ್ತುವಾಗ ಕೂಗಣ್ಣ ಹಲ್ಲು ಕಚ್ಚಿ ಬಾಯಿ ಮುಚ್ಚಿಕೊಂಡಿರುತ್ತಿದ್ದ. "ಕೂಗೋ, ಕೂಗದೆ ಎತ್ತಿದ್ರೆ ಸೊಂಟ ಹಿಡ್ಕೊಳತ್ತೆ" ಎಂದು ಭಾವ ಅಣಕಿಸುತ್ತಿದ್ದ. ಹೊತ್ತದ್ದರಿಂದಲೇ ಕಾಲು ಹೋಯಿತೆಂದು ಅವನಿಗೆ ಗೊತ್ತೋ ಇಲ್ಲವೋ ಎಂಬುದು ಆ ಮುಖದಲ್ಲಿ ತಿಳಿಯುತ್ತಿರಲಿಲ್ಲ.

ಮಿಲ್ಲಿನಲ್ಲಿ ಮಾತ್ರ ಕೂಗಲೇಬೇಕಿತ್ತು. ಅವನು ಕೂಗಿದರೆ ಇವತ್ತಿಗೂ ದಿಮ್ಮಿ ಏಳುತ್ತಿತ್ತು. ಪ್ರತಿ ಸಲ ಅದು ನೆಲ ಬಿಡುವಾಗ ಅವನ ಕಣ್ಣು ಅದರ ತುದಿಗೆ ಹೋಗುತ್ತಿತ್ತು, ಅಲ್ಲೇನೋ ತೂಗಾಡುತ್ತಿರುವ ಹಾಗೆ.

ಅಟ್ಟಿಯ ಬುಡಕ್ಕೆ ಈಗಲೂ ಮರದ ಬೆಣೆಯೇ.

ಮಿಲ್ಲಿನಲ್ಲಿ ಸಿಪ್ಪೆ ಆರಿಸುವ ಹೆಂಗಸರಿದ್ದರು. ಗರಗಸಕ್ಕೆ ಹೋಗುವ ಮೊದಲು ದಿಮ್ಮಿಯ ತೊಗಟೆ ಸುಲಿಯುವುದು, ಬುಟ್ಟಿಯಲ್ಲಿ ಹೊತ್ತು ಹೊರಗೆ ಹಾಕುವುದು ಅವರ ಕೆಲಸ. ಅವರಲ್ಲೊಬ್ಬಳ ಬಾಯಿ ಬಹಳ ಜೋರು. ಅವಳ ಮುಂದೆಯೇ ಎಲ್ಲರೂ ಅವಳನ್ನು ಗರಗಸ ಅನ್ನುತ್ತಿದ್ದರು. "ಅನ್ನಿ, ಅನ್ನಿ. ಮಿಲ್ಲಿನ ಗರಗಸಕ್ಕೆ ವಾರಕ್ಕೊಂದ್ಸಲ ಹಲ್ಲು ಅರೀಬೇಕು, ನಂಗೆ ಅದೂ ಬೇಡ" ಅನ್ನುತ್ತಿದ್ದಳು. ಗಂಡ ಬಿಟ್ಟು ಹೋದವನು. ಮನೆಯಲ್ಲಿ ಕಣ್ಣು ಕಾಣದ ಅತ್ತೆ. ಅವನ ತಾಯಿಯನ್ನು ಸಾಕುತ್ತಿರುವವಳು ಇವಳೇ.

ಒಂದು ಮಧ್ಯಾಹ್ನ ಹಲಗೆಯ ಅಟ್ಟಿ ಜಾರಿ ಅವಳ ಮೇಲೆ ಬಂತು. ಹೊರುವವರು ಓಡಿದರು. ಹಲಗೆಗಳನ್ನು ಒಂದೊಂದಾಗಿ ತೆಗೆದರು. ತಲೆ, ಎದೆ ಬಚಾವಾಗಿತ್ತು. ಬಲಗಾಲು ಮೊಣಕಾಲ ಕೆಳಗೆ, ಬಾಗಬಾರದ ಕಡೆ ಬಾಗಿತ್ತು. ಚರ್ಮ ಹರಿದಿರಲಿಲ್ಲ. ನೀಲಿಗಟ್ಟುತ್ತಿತ್ತು.

ಕೂಗಣ್ಣ ಬಗ್ಗಿ ನೋಡಿದ. ಅದೇ ಕಾಲು. ಇನ್ನೂ ಹರಿಯದ ಅದೇ ಚರ್ಮ.

"ಅಯ್ಯೋ ನನ್ನಪ್ಪಾ," ಅಂದಳು ಅವಳು. "ನನ್ ಕಾಲು ಯಾಕೆ ಆ ಕಡೆ ನೋಡ್ತಿದೆ?"

ಮ್ಯಾನೇಜರು ಬಂದ. ಗೇಟಿನ ಕಡೆ ನೋಡಿದ. "ಎತ್ತಿ, ಎತ್ತಿ. ಕಲ್ಲಿನ ಹತ್ರ."

ಹೊರುವವರು ಬಗ್ಗಿದರು. ಹೆಗಲಿಗೆ ಇಬ್ಬರು, ಸೊಂಟಕ್ಕೆ ಇಬ್ಬರು, ತೊಡೆಗೆ ಇಬ್ಬರು. ಬಗ್ಗಿ, ಕೂಗಣ್ಣನ ಬಾಯಿ ನೋಡಿದರು.

ಬಾಯಿ ತೆರೆಯಿತು. ಕೂಗು ಬರಲಿಲ್ಲ.

"ಕೂಗೋ!" ಅಂದ ಮ್ಯಾನೇಜರು. "ಏನ್ ಬಾಯಿಗೆ ಬೀಗ ಬಿದ್ದಿದೆಯಾ ನಿಂಗೆ?"

"ಕೈ ಬಿಡಿ," ಅಂದ ಕೂಗಣ್ಣ.

ಹೊರುವವರಿಗೆ ಅರ್ಥವಾಗಲಿಲ್ಲ. ಹಾಗೊಂದು ಮಾತು ಆ ಬಾಯಿಂದ ಅವರು ಕೇಳಿದ್ದೇ ಇಲ್ಲ.

"ಕೈ ಬಿಡಿ ಅಂದೆ. ಎಲ್ರೂ. ಹಿಂದೆ ಸರೀರಿ."

ಸರಿದರು. ಅವನು ಅವಳ ಕಾಲಿನ ಹತ್ತಿರ ಕೂತ. ನರ್ಸಿನ ಜೊತೆ ಬಂದಿದ್ದ ಡ್ರೈವರು ಹೇಗೆ ಹಿಡಿದಿದ್ದನೋ ಹಾಗೆ, ಮುರಿದ ಜಾಗದ ಮೇಲೊಂದು ಕೈ, ಕೆಳಗೊಂದು ಕೈ, ನೇರ ಮಾಡದೆ, ಇದ್ದ ಹಾಗೆಯೇ ಹಿಡಿದ. ಪಕ್ಕದವನಿಗೆ ಹೇಳಿದ, "ಜೇಬಲ್ಲಿ ಫೋನಿದೆ, ತೆಗಿ. ಆಂಬುಲೆನ್ಸಿಗೆ ಮಾಡು. ನನ್ ಕಿವಿಗೆ ಹಿಡಿ."

"ಏ ಏ ಏ," ಎಂದು ಮ್ಯಾನೇಜರು ಮುಂದೆ ಬಂದ. "ಮೊದ್ಲು ಹೊರಗೆ. ಫೋನು ಆಮೇಲೆ."

"ಮುಟ್ಟಿದ್ರೆ ಕಚ್ತೀನಿ ಮ್ಯಾನೇಜರಪ್ಪಾ," ಅಂದಳು ಗರಗಸ. ತುಟಿ ಬೆಳ್ಳಗಾಗಿತ್ತು. "ಕಾಲು ಮುರಿದಿದೆ, ಹಲ್ಲು ಮುರಿದಿಲ್ಲ."

ಫೋನಿನಲ್ಲಿ ಒಂದು ದನಿ ಎಲ್ಲಿ ಎಂದು ಕೇಳಿತು.

ಕೂಗಣ್ಣ ಉಸಿರು ಎಳೆದುಕೊಂಡ. "ಮರದ ಮಿಲ್ಲು," ಅಂದ. "ಗೇಟಿನ ಒಳಗೆ. ಕೆಲಸ ಮಾಡ್ತಾ ಇದ್ದಾಗ. ರಸ್ತೇಲಲ್ಲ. ಒಳಗೆ."

ಆ ದನಿ ಅವಳನ್ನು ಅಲುಗಾಡಿಸಬೇಡಿ, ನೀರು ಕೊಡಬೇಡಿ, ಹೊದಿಸಿ ಎಂದಿತು. ಚೊಂಬು ಹಿಡಿದು ಬಂದಿದ್ದ ಸಿಪ್ಪೆಯ ಹೆಂಗಸು ಅದನ್ನು ಕೆಳಗಿಟ್ಟು, ತಲೆಯ ವಸ್ತ್ರ ಬಿಚ್ಚಿ ಗೆಳತಿಗೆ ಹೊದಿಸಿದಳು.

ಮ್ಯಾನೇಜರು ಕಾವಲುಗಾರನನ್ನು ಕರೆದು ದೊಡ್ಡ ಗೇಟಿಗೆ ಸರಪಳಿ ಸುತ್ತಿಸಿದ. ಬೀಗ ಹಾಕಿಸಿದ. ಬೀಗದಕೈ ತನ್ನ ಜೇಬಿಗೆ ಹಾಕಿಕೊಂಡ. "ಈಗ ಬರ್ಲಿ, ಹೇಗ್ ಬರತ್ತೆ ನೋಡ್ತೀನಿ. ಬೇಕಾದ್ರೆ ಅವಳನ್ನ ಆ ಸಣ್ಣ ಬಾಗಿಲಲ್ಲಿ ಹೊರಗೆ ಹೊತ್ಕೊಂಡು ಹೋಗಿ. ಇಲ್ದಿದ್ರೆ ನಾಳೆಯಿಂದ ನಿಮಗ್ಯಾರಿಗೂ ಈ ಗೇಟು ತೆಗೆಯಲ್ಲ, ಹೇಳಿದೀನಿ."

ಸಣ್ಣ ಬಾಗಿಲು. ಕೂಗಣ್ಣ ಆ ಚೌಕಟ್ಟನ್ನು ಇಲ್ಲಿಂದಲೇ ನೋಡಿದ. ಭಾವನ ಕಾಲು ಸಿಕ್ಕಿದ ಜಾಗದಲ್ಲಿ ಬಣ್ಣ ಎದ್ದಿತ್ತು.

"ಆ ಬಾಗಿಲಲ್ಲಿ ಒಂದು ಕಾಲು ಕಳೆದಿದೀವಿ, ಸಾರ್," ಅಂದ. "ಇನ್ನೊಂದು ಕೊಡಲ್ಲ."

"ದಿಮ್ಮಿ ಬಿದ್ದು ಹೋಗಿದ್ದು ಅದು."

"ದಿಮ್ಮಿ ಮುರೀತು. ಕಳೆದದ್ದು ನಾವು. ನೀವು ಎತ್ತಿ ಅಂದ್ರಿ, ನಾನು ಕೂಗಿದೆ."

ಹೊರುವವರು ತಲೆ ತಗ್ಗಿಸಿದರು. ಅವರೆಲ್ಲರ ಕೈಯೂ ಅದರಲ್ಲಿತ್ತು. ಇಷ್ಟು ದಿನ ಅದನ್ನು ಯಾರೂ ಬಾಯಿ ಬಿಟ್ಟು ಹೇಳಿರಲಿಲ್ಲ.

ಗೇಟಿನ ಹೊರಗೆ ಆಂಬುಲೆನ್ಸಿನ ಸದ್ದು ಕೇಳಿತು. ಬಂದು ನಿಂತಿತು. ಹಾರ್ನು ಹೊಡೆಯಿತು. ಕಾವಲುಗಾರ ಮ್ಯಾನೇಜರ ಜೇಬು ನೋಡಿದ. ಮ್ಯಾನೇಜರು ಕಿವಿ ಕೇಳಿಸದವನ ಹಾಗೆ ನಿಂತಿದ್ದ. ಮತ್ತೆ ಹಾರ್ನು. ಸಣ್ಣ ಬಾಗಿಲಲ್ಲಿ ಸ್ಟ್ರೆಚರು ತೂರುವಂತಿರಲಿಲ್ಲ.

ಹೊರುವವರಲ್ಲಿ ಒಬ್ಬ ಗೇಟಿನ ಕಡೆ ನಡೆದ. ಒಂದು ಕದದ ಕೀಲನ್ನು ಬಗ್ಗಿ ನೋಡಿದ. ದಪ್ಪ ಗೂಟದ ಮೇಲೆ ಕೂರಿಸಿದ ಕಬ್ಬಿಣದ ಕದ. ಮೇಲಕ್ಕೆತ್ತಿದರೆ ಗೂಟದಿಂದ ಕಳಚಿಕೊಳ್ಳುತ್ತದೆ. ಅವನು ತಿರುಗಿ ನೋಡಿದ. ಏನೂ ಹೇಳಲಿಲ್ಲ. ಉಳಿದವರೂ ಹೋದರು. ಬಗ್ಗಿ, ಕದದ ಕೆಳಪಟ್ಟಿಗೆ ಕೈ ಹಾಕಿ, ಅಂಗಳದ ಈ ತುದಿಗೆ ನೋಡಿದರು.

ಕೂಗಣ್ಣನ ಎರಡೂ ಕೈ ಅವಳ ಕಾಲಿನ ಮೇಲಿತ್ತು. ಬಿಡುವಂತಿರಲಿಲ್ಲ. ಎದ್ದು ಹೋಗುವಂತಿರಲಿಲ್ಲ.

"ನಡುಗ್ಬೇಡ್ವೋ," ಅಂದಳು ಗರಗಸ ಮೆಲ್ಲಗೆ. "ನೀ ನಡುಗಿದ್ರೆ ನಂಗೆ ನೋಯತ್ತೆ."

ಅವನು ಕೈ ಗಟ್ಟಿ ಮಾಡಿಕೊಂಡ. ಕೂತಲ್ಲಿಂದಲೇ, ಹೊಟ್ಟೆಯಿಂದ ಕೂಗಿದ.

"ಕೈ ಕೊಟ್ರಾ..."

ಹೋಯ್!

"ಬೆನ್ನು ಕೊಟ್ರಾ..."

ಹೋಯ್!

"ಏಳೂ..."

ಕದ ಕಿರುಗುಟ್ಟಿತು. ಎದ್ದಿತು. ಗೂಟ ಬಿಟ್ಟು ಸರಪಳಿಯಲ್ಲಿ ಜೋತಾಡುತ್ತ ಹಿಂದಕ್ಕೆ ಬಂತು. ಅವರು ಅದನ್ನು ದಿಮ್ಮಿ ಇಳಿಸುವ ಹಾಗೆ, ಸದ್ದಿಲ್ಲದೆ ಗೋಡೆಗೆ ಒರಗಿಸಿದರು.

ಆಂಬುಲೆನ್ಸು ಮರದ ಹೊಟ್ಟಿನ ಮೇಲೆ ಹಾದು ಒಳಗೆ ಬಂತು. ಅದೇ ನರ್ಸು. ಮೊಣಕಾಲೂರಿದಳು. ಪಾದದ ಮೇಲೆ ಬೆರಳಿಟ್ಟಳು. "ಬೆರಳು ಆಡ್ಸಿ ಅಮ್ಮಾ." ಬೆರಳು ಆಡಿತು. ಪಟ್ಟಿ ಕಟ್ಟುವಾಗ ಅವಳು ಕೂಗಣ್ಣನಿಗೆ "ಹಾಗೇ ಹಿಡ್ಕೊಳ್ಳಿ, ಬಿಡ್ಬೇಡಿ" ಅಂದಳು. ಕಟ್ಟಿ ಮುಗಿಸಿದ ಮೇಲೆ ಅವನ ಮುಖ ನೋಡಿದಳು. ಗುರುತು ಹಿಡಿದಳು.

"ಈ ಸಲ ಗಾಡಿ ಗುದ್ದಿಲ್ವಾ?"

"ಆ ಸಲವೂ ಗುದ್ದಿರ್ಲಿಲ್ಲ, ತಾಯಿ," ಅಂದ ಕೂಗಣ್ಣ. "ಇಲ್ಲೇ ಆಗಿದ್ದು. ಬಿದ್ದಾಗ ಮೂಳೆ ಒಳಗೇ ಇತ್ತು. ನಾವು ಹೊತ್ತಾಗ ಬಂತು. ಯಾರು ಕೇಳಿದ್ರೂ ಹೇಳ್ತೀನಿ."

ಅವಳು ಸ್ಟ್ರೆಚರಿನ ಹಿಡಿಕೆ ಹಿಡಿದಳು. ಮ್ಯಾನೇಜರು ಫೋನಿನಲ್ಲಿ ಧಣಿಗೆ, ಎಲ್ಲರನ್ನೂ ಕೆಲಸದಿಂದ ತೆಗೆಯುತ್ತೇನೆ, ಒಬ್ಬನಿಗೂ ಗೇಟು ತೆಗೆಯುವುದಿಲ್ಲ ಅನ್ನುತ್ತಿದ್ದ.

"ಯಾವ ಗೇಟು ಸಾರ್?" ಎಂದು ಹೊರುವವನೊಬ್ಬ ಕೇಳಿದ.

ಯಾರೋ ನಕ್ಕರು. ಕೂಗಣ್ಣನಿಗೆ ನಗು ಬರಲಿಲ್ಲ. ಅವನು ತನ್ನ ಅಂಗೈ ನೋಡಿಕೊಳ್ಳುತ್ತಿದ್ದ. ಇಷ್ಟೇ ಇತ್ತು ಕೆಲಸ. ಕೂತು, ಹಿಡಿದುಕೊಂಡಿರುವುದು. ಅಷ್ಟು ಮಾಡಿದ್ದರೆ ಸಾಕಿತ್ತು.

ಆಸ್ಪತ್ರೆಯ ತನಕ ಹೋಗಿ, ಡಾಕ್ಟರ ಮಾತು ಕೇಳಿಕೊಂಡು, ಕುರುಡು ಅತ್ತೆಗೆ ವಿಷಯ ಮುಟ್ಟಿಸಿ ಅಕ್ಕನ ಮನೆಗೆ ಬರುವಾಗ ಹೊತ್ತು ಇಳಿದಿತ್ತು. ಭಾವ ಮಂಚದ ಮೇಲೆ ಕೂತಿದ್ದ. ಪಕ್ಕದಲ್ಲಿ ಊರುಗೋಲು. ಅದನ್ನು ತಂದ ದಿನದಿಂದ ಗೋಡೆಗೆ ಒರಗಿಸಿಟ್ಟದ್ದೇ, ಭಾವ ಮುಟ್ಟಿರಲಿಲ್ಲ.

"ನಿನ್ನ ಕೂಗು ಇಲ್ಲಿ ತನಕ ಕೇಳ್ತು," ಅಂದ ಭಾವ. "ದಿಮ್ಮಿ ಅಲ್ಲ ಅಂತ ಗೊತ್ತಾಯ್ತು. ಗೇಟು ಎತ್ತಿದ್ರಂತೆ."

"ಹೂಂ, ಭಾವ."

"ಅವಳ್ದು ಎಲ್ಲಿ ಮುರಿದಿದೆ?"

"ನಿಂದು ಮುರಿದಲ್ಲೇ."

"ಉಳಿಯತ್ತಂತಾ?"

ಅಕ್ಕ ಒಲೆಯ ಮುಂದಿನಿಂದ ತಿರುಗಿದಳು. ಕೈಯಲ್ಲಿ ಸೌಟು ಹಾಗೇ ಇತ್ತು.

"ಉಳಿಯತ್ತಂತೆ," ಅಂದ ಕೂಗಣ್ಣ. "ಚರ್ಮ ಹರಿದಿಲ್ಲ. ಒಳಗೆ ಕೊಳೆ ಹೋಗಿಲ್ಲ. ಅಲ್ಲಾಡಿಸ್ಲಿಲ್ಲ ನಾವು. ಮತ್ತೆ ನಡೀತಾಳಂತೆ."

ಭಾವ ತಲೆಯಾಡಿಸಿದ. ಬಹಳ ಹೊತ್ತು ಆಡಿಸಿದ. ಅವನ ಕೈ ತನಗೇ ತಿಳಿಯದೆ ಹಾಸಿಗೆಯ ಮೇಲೆ ಕಾಲಿಲ್ಲದ ಜಾಗವನ್ನು ಸವರುತ್ತಿತ್ತು.

"ಹಾಗಾದ್ರೆ ನಂದೂ ಉಳೀತಿತ್ತು," ಅಂದ.

ಅದು ಪ್ರಶ್ನೆಯಾಗಿರಲಿಲ್ಲ. ಬೈಗುಳವಾಗಿದ್ದರೆ ತಡೆದುಕೊಳ್ಳಬಹುದಿತ್ತು.

"ಹೂಂ," ಅಂದ ಕೂಗಣ್ಣ. ಅಕ್ಕನ ಕಡೆ ನೋಡುವ ಧೈರ್ಯವಾಗಲಿಲ್ಲ. ಆದರೂ ನೋಡಿದ. "ದಿಮ್ಮಿ ಬಿದ್ದಾಗ ಮೂಳೆ ಹೊರಗೆ ಬಂದಿರ್ಲಿಲ್ಲ, ಅಕ್ಕ. ನಿಂಗೆ ಸುಳ್ಳು ಹೇಳಿದ್ದೆ."

ಅಕ್ಕ ಸೌಟನ್ನು ಪಾತ್ರೆಯಲ್ಲಿ ಇಟ್ಟಳು. ಮುಚ್ಚಳ ಮುಚ್ಚಿದಳು. ಅವನಿಗೆಂದು ತೆಗೆದಿಟ್ಟ ತಟ್ಟೆ ನೆಲದ ಮೇಲಿತ್ತು. ಅದನ್ನು ನೋಡಿದಳು. ತೆಗೆಯಲಿಲ್ಲ, ಬಡಿಸಲೂ ಇಲ್ಲ.

"ನಂಗೆ ಗೊತ್ತಿತ್ತು," ಅಂದ ಭಾವ. "ಕಾಲು ನಂದಲ್ವಾ? ತಡೀರಿ ಅಂದೆ ನಾನು. ನಿನ್ನ ಮುಖ ನೋಡ್ಕೊಂಡೇ ಅಂದೆ."

ಕೂಗಣ್ಣ ನಿಂತೇ ಇದ್ದ. ಹಿತ್ತಲಿಗೆ ಒಯ್ಯುವ ಹೊತ್ತಾಗಿತ್ತು. ಏನು ಮಾಡುವುದೆಂದು ತಿಳಿಯದೆ, ದಿನಾ ಮಾಡುವ ಹಾಗೆ ಮಂಚದ ಹತ್ತಿರ ಹೋಗಿ ಬಗ್ಗಿ ಎರಡೂ ಕೈ ಚಾಚಿದ.

"ಬೇಡ," ಅಂದ ಭಾವ. "ಇವತ್ತು ನೀ ಎತ್ಬೇಡ."

ಊರುಗೋಲು ತೆಗೆದುಕೊಂಡ. ಅದನ್ನು ನೆಲಕ್ಕೆ ಊರಿ, ಮಂಚದ ಅಂಚು ಹಿಡಿದು, ಉಸಿರು ಕಟ್ಟಿದ. ಒಂದು ಸಲ ಕುಸಿದ. ಮತ್ತೆ ಊರಿದ. ಕೂಗಣ್ಣನ ಕೈ ತಾನಾಗಿ ಮುಂದೆ ಹೋಯಿತು. ಅವನು ಅದನ್ನು ಹಿಂದಕ್ಕೆಳೆದುಕೊಂಡ.

ಭಾವ ಎದ್ದ. ಗೋಡೆ ಹಿಡಿದುಕೊಂಡು, ಕುಪ್ಪಳಿಸುತ್ತ, ಹಿತ್ತಲ ಬಾಗಿಲ ಕಡೆ ಹೋದ. ಅವನು ಹೊಸ್ತಿಲು ದಾಟುವ ತನಕ ಕೂಗಣ್ಣ ಬಗ್ಗಿದ ಬೆನ್ನು ನೆಟ್ಟಗೆ ಮಾಡಲಿಲ್ಲ.